ಯಾವ ಊರಿನದು?

ಊರನ್ನು ಬಿಟ್ಟು ದೂರ ಹೋದವನ ಮನಸ್ಸು ಹೊಸ ನಾಡಿಗೆ ಹೊಂದಿಕೊಂಡರೂ ನಾಲಗೆಯು ಅಷ್ಟು ಬೇಗ ಹೊಂದಿಕೊಳ್ಳುವುದಿಲ್ಲ. ಅಲ್ಲಿಯ ಮಾತನ್ನು ಒಂದು ವರ್ಷದಲ್ಲಿ ಕಲಿಯಬಹುದು. ಅಲ್ಲಿಯ ಚಳಿಗೆ ಉಣ್ಣೆಯ ಉಡುಪನ್ನು ಕೊಳ್ಳಬಹುದು. ಆದರೆ ಸಂಜೆ ಕೆಲಸ ಮುಗಿಸಿ ಬಂದು ಕುಳಿತಾಗ ನಾಲಗೆಯು ತಾನು ಹಿಂದೆ ಕಂಡದ್ದನ್ನೇ ಕೇಳುತ್ತದೆ. ಒಬ್ಬನಿಗೆ ಅದು ತಿಳಿಸಾರು; ಇನ್ನೊಬ್ಬನಿಗೆ ಕಾಫಿ; ಮತ್ತೊಬ್ಬನಿಗೆ, ಹೇಳಲು ಸಂಕೋಚವಾದರೂ ಹೇಳಲೇಬೇಕು, ಒಂದು ಸೀಸೆ ಬಿಯರು. ಈ ಮೂರನೆಯವನ ವಿಚಾರವು ಗೃಹಸ್ಥರ ಮನೆಗಳಿಗೆ ಹೋಗುವ ಪತ್ರಿಕೆಗೆ ಉಚಿತವೇ ಎಂದು ವಾಚಕರು ಕೇಳಬಹುದು. ಕುಡಿತದ ಸ್ತುತಿಯಾಗಲಿ ನಿಂದೆಯಾಗಲಿ ಇಲ್ಲಿಯ ಉದ್ದೇಶವಲ್ಲ. ಪರದೇಶದಲ್ಲಿ ಒಳ್ಳೆಯದೊಂದನ್ನು ಹುಡುಕಿಕೊಂಡು ಹೊರಟವನು ಏನನ್ನು ಕಂಡನು, ಏನನ್ನು ಕಳೆದುಕೊಳ್ಳುವುದರಲ್ಲಿದ್ದನು ಎಂಬುದಷ್ಟೇ ಇಲ್ಲಿಯ ಮಾತು.

ತುಮಕೂರು ಜಿಲ್ಲೆಯ ಒಬ್ಬ ತರುಣನು 2009ರ ಸೆಪ್ಟೆಂಬರಿನಲ್ಲಿ ಬೆಲ್ಜಿಯಂ ದೇಶದ ಲೂವೆನ್ ಪಟ್ಟಣಕ್ಕೆ ಸಂಶೋಧನೆಗಾಗಿ ಹೋದನು. 1425ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವುಳ್ಳ ಊರು ಅದು. ಅವನ ತಂದೆಯವರು ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರಾಗಿದ್ದವರು. ಆ ಮನೆಯಲ್ಲಿ ಕುಡಿತದ ಹೆಸರನ್ನು ಎತ್ತುತ್ತಿರಲಿಲ್ಲ. ಅದಕ್ಕೆ ಕಾರಣವೂ ಇದ್ದಿತು. ತಂದೆಯವರ ತಮ್ಮನೊಬ್ಬನು ಸಾರಾಯಿಯ ಬಾಯಿಗೆ ಬಿದ್ದು, ಹೊಲವನ್ನು ಮಾರಿ, ನಲವತ್ತು ತುಂಬುವ ಮೊದಲೇ ತೀರಿಕೊಂಡಿದ್ದನು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟವನ್ನು ಸರ್ಕಾರವು ನಿಲ್ಲಿಸಿದ್ದು 2007ರಲ್ಲಿ. ಆ ಹೊತ್ತಿಗೆ ಆ ಮನೆಯ ನಷ್ಟವು ಹಳೆಯದಾಗಿ ಹೋಗಿದ್ದಿತು. ಹುಡುಗನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಗೆಳೆಯರೊಡನೆ ಕೆಲವು ಸಲ ಬಿಯರು ಕುಡಿದಿದ್ದನು. ಊರಿಗೆ ಹೋದಾಗ ಅದನ್ನು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಬೆಂಗಳೂರಿಗೂ ಬಿಯರಿಗೂ ನಂಟು ಹಳೆಯದು. ಇಂಗ್ಲಿಷರ ದಂಡಿನ ಸಿಪಾಯಿಗಳಿಗೆ ತಮ್ಮ ಊರಿನ ಪಾನೀಯವಿಲ್ಲದೆ ಸಾಗುತ್ತಿರಲಿಲ್ಲ. ದಕ್ಷಿಣದೇಶದ ಕೆಲವು ಕಾರ್ಖಾನೆಗಳನ್ನು ಕೂಡಿಸಿ ಒಬ್ಬ ಸ್ಕಾಟ್ಲೆಂಡಿನವನು 1915ರಲ್ಲಿ ಯುನೈಟೆಡ್ ಬ್ರೂವರೀಸ್ ಎಂಬ ಸಂಸ್ಥೆಯನ್ನು ಕಟ್ಟಿದನು. ಆದರೆ ಆ ತರುಣನು ಬೆಂಗಳೂರಿನಲ್ಲಿ ಕಂಡಿದ್ದ ಬಿಯರು ಒಂದೇ ಬಗೆಯದು: ಹಳದಿ ಬಣ್ಣದ್ದು, ಮಂಜಿನಂತೆ ತಣ್ಣಗಿರಬೇಕಾದದ್ದು, ಸ್ವಲ್ಪ ಕಹಿ. ಲೋಕದ ಬಹುಭಾಗದಲ್ಲಿ ಬಿಯರೆಂದರೆ ಇದೇ. ಇದರ ಹುಟ್ಟು ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ, 1842ರಲ್ಲಿ. ಮಾಡಿದವನು ಬವೇರಿಯದಿಂದ ಕರೆಯಿಸಿಕೊಂಡ ಯೋಸೆಫ್ ಗ್ರೋಲ್ ಎಂಬವನು. ಅಲ್ಲಿಯ ಮೃದುವಾದ ನೀರು, ಅಲ್ಲಿಯ ಹಾಪ್ಸ್ ಹೂವು, ತಿಳಿಬಣ್ಣಕ್ಕೆ ಹುರಿದ ಮೊಳಕೆಯ ಜವೆಗೋಧಿ, ಇವು ಸೇರಿ ಆದ ಪಾನೀಯ ಅದು. 1883ರಲ್ಲಿ ಕೋಪನ್‌ಹೇಗನ್ನಿನ ಎಮಿಲ್ ಹ್ಯಾನ್ಸೆನ್ ಎಂಬ ವಿಜ್ಞಾನಿಯು ಹುದುಗು ಬರಿಸುವ ಯೀಸ್ಟಿನ ಒಂದೇ ತಳಿಯನ್ನು ಬೇರ್ಪಡಿಸಿ ಬೆಳಸುವ ಕ್ರಮವನ್ನು ತೋರಿಸಿಕೊಟ್ಟ ಮೇಲೆ, ಒಂದೆಡೆಯ ರುಚಿಯನ್ನು ಇನ್ನೊಂದೆಡೆಯಲ್ಲಿಯೂ ತಪ್ಪದೆ ತರುವುದು ಸಾಧ್ಯವಾಯಿತು. ಮನೆ ಬಿಟ್ಟು ಹೋದ ಜರ್ಮನರು ಅಮೆರಿಕದಲ್ಲಿಯೂ ಚೀನದ ಚಿಂಗ್‌ದಾವಿನಲ್ಲಿಯೂ ತಮ್ಮ ನಾಡಿನ ಬಿಯರನ್ನೇ ಕಾಯಿಸಿದರು. ಹೀಗೆ ಒಂದು ಊರಿನ ವಿಶೇಷವಾಗಿದ್ದದ್ದು ಯಾವ ಊರಿನದೂ ಅಲ್ಲದ ಸಾಮಾನ್ಯ ವಸ್ತುವಾಯಿತು. ತನ್ನ ಮನೆಯದೇ ಬೇಕೆಂಬ ಪರದೇಶವಾಸಿಯ ಹಂಬಲವೂ ಲೋಕದ ರುಚಿಯನ್ನು ಏಕರೂಪಕ್ಕೆ ತಂದ ಕಾರಣಗಳಲ್ಲಿ ಒಂದು.

ಲೂವೆನ್ನಿನಲ್ಲಿ ಈ ತರುಣನು ಮಾಡಿದ್ದೂ ಅದನ್ನೇ. ಅಂಗಡಿಯ ಬೀರುಗಳಲ್ಲಿ ನೂರಾರು ಬಗೆಯ ಸೀಸೆಗಳು ಸಾಲಾಗಿ ನಿಂತಿದ್ದರೂ ಅವನು ಬೆಂಗಳೂರಿನ ಹಳದಿ ಬಿಯರನ್ನು ಹೋಲುವುದನ್ನೇ ಹುಡುಕಿದನು. ಸಿಕ್ಕಿತು, ಆ ಊರೇ ಅಂಥ ಬಿಯರಿಗೆ ಪ್ರಸಿದ್ಧವಾದದ್ದು. ಆದರೆ ಅದು ಬೆಂಗಳೂರಿನದರಂತೆ ಇರಲಿಲ್ಲ. ಗೆಳೆಯರು ಇರಲಿಲ್ಲ, ಹುರಿದ ಕಡಲೆಕಾಯಿ ಇರಲಿಲ್ಲ, ಬೆವರೊರಸಿಕೊಂಡು ಕುಡಿಯುವ ಸೆಕೆಯೂ ಇರಲಿಲ್ಲ. ಬೇರೆ ಸೀಸೆಗಳನ್ನು ತಂದು ನೋಡಿದನು. ಒಂದು ಕಾಕಂಬಿಯಂತೆ ಕಪ್ಪಾಗಿ ಸಿಹಿಯಾಗಿದ್ದಿತು, ಇನ್ನೊಂದು ಹುಳಿ. “ಈ ದೇಶದಲ್ಲಿ ಒಳ್ಳೆಯ ಬಿಯರು ಸಿಕ್ಕುವುದಿಲ್ಲ” ಎಂದು ಗೆಳೆಯನಿಗೆ ಬರೆದನು. ಬೆಲ್ಜಿಯಮ್ಮಿನಲ್ಲಿ ಕುಳಿತು ಹಾಗೆ ಬರೆದದ್ದು, ನಂಜನಗೂಡಿನಲ್ಲಿ ಕುಳಿತು ಬಾಳೆಹಣ್ಣು ಸಿಕ್ಕುವುದಿಲ್ಲವೆಂದು ಬರೆದಂತೆ.

ಆ ಹುಳಿಯ ಸೀಸೆಯನ್ನು ಅವನು ಅಡಿಗೆಮನೆಯ ಬಚ್ಚಲಿಗೆ ಸುರಿಯುತ್ತಿದ್ದಾಗ ಮನೆಯೊಡತಿಯು ನೋಡಿದಳು. ಆಕೆಗೆ ಎಪ್ಪತ್ತು ಮೀರಿದ್ದಿತು. ಆಸ್ಪತ್ರೆಯಲ್ಲಿ ದಾದಿಯಾಗಿದ್ದು ನಿವೃತ್ತಳಾದವಳು. ಕೆಳಗಿನ ಮನೆಯಲ್ಲಿ ತಾನಿದ್ದು ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟಿದ್ದಳು.

“ಏಕೆ ಚೆಲ್ಲುತ್ತೀರಿ?” ಎಂದಳು.

“ಕೆಟ್ಟುಹೋಗಿದೆ, ಅಮ್ಮ; ಹುಳಿ ಬಂದಿದೆ.”

“ಹುಳಿ ಬರಲೆಂದೇ ಮೂರು ವರ್ಷ ಪೀಪಾಯಿಯಲ್ಲಿ ಇಟ್ಟಿರುತ್ತಾರೆ. ಅದು ಯಾವ ಊರಿನದೆಂದು ನೋಡಿದಿರಾ?”

ಅವನು ನೋಡಿರಲಿಲ್ಲ. ಆಕೆಯು ಸೀಸೆಯನ್ನು ತಿರುಗಿಸಿ ಊರಿನ ಹೆಸರನ್ನು ತೋರಿಸಿದಳು. ಅದು ಬ್ರಸೆಲ್ಸಿನ ಪಶ್ಚಿಮಕ್ಕೆ ಆಕೆ ಹುಟ್ಟಿದ ಹಳ್ಳಿಯ ನೆರೆಯ ಊರು. ಒಳ್ಳೆಯ ಬಿಯರು ಯಾವುದೆಂದು ಕೇಳಿದರೆ ಈ ದೇಶದಲ್ಲಿ ಯಾರೂ ಉತ್ತರ ಹೇಳಲಾರರು, ಯಾವ ಊರಿನದೆಂದು ಕೇಳಿದರೆ ಒಂದು ಗಂಟೆ ಹೇಳುವರು, ಎಂಬುದು ಆಕೆಯ ಉಪದೇಶ.

ಆ ಮಾತು ಅವನಿಗೆ ನಾಟಿತು. ರಜೆಯ ದಿನಗಳಲ್ಲಿ ಊರುಗಳನ್ನು ನೋಡಲು ಹೊರಟನು. ಒಂದು ಟಿಪ್ಪಣಿ ಪುಸ್ತಕವನ್ನೂ ಕೊಂಡನು. ಮೊದಲು ಹೋದದ್ದು ಲೂವೆನ್ನಿಗೆ ಪೂರ್ವದಲ್ಲಿರುವ ಹೂಗಾರ್ಡನ್ ಎಂಬ ಗ್ರಾಮಕ್ಕೆ. ಅಲ್ಲಿಯ ಬಿಳಿಯ ಬಿಯರನ್ನು ಹಸಿಯ ಗೋಧಿಯನ್ನು ಬೆರಸಿ ಮಾಡುವರು. ಕಿತ್ತಳೆಯ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ಹಾಕುವರು. ಲೋಟವನ್ನು ಮೂಗಿನ ಬಳಿಗೆ ತಂದಾಗ ಅವನು ತಡೆದು ನಿಂತನು. ಸಾರಿನ ಪುಡಿಗೆಂದು ತಾಯಿಯು ಕೊತ್ತಂಬರಿಯನ್ನು ಹುರಿಯುತ್ತಿದ್ದ ಮನೆಯ ವಾಸನೆಯ ಒಂದು ಎಳೆಯು ಆ ನೊರೆಯಲ್ಲಿದ್ದಿತು. ಹಳದಿ ಬಿಯರಿನಲ್ಲಿ ತಿಂಗಳುಗಟ್ಟಲೆ ಹುಡುಕಿದರೂ ಸಿಗದಿದ್ದ ಮನೆಯು, ಹುಡುಕದಿದ್ದ ಕಡೆ ಹೀಗೆ ಎದುರಾಯಿತು.

ಆ ಬಿಳಿಯ ಬಿಯರಿನ ಕಥೆಯನ್ನೂ ಅವನು ಅಲ್ಲಿಯೇ ತಿಳಿದನು. ಒಂದು ಕಾಲಕ್ಕೆ ಆ ಚಿಕ್ಕ ಊರಿನಲ್ಲಿ ಬಿಯರು ಮಾಡುವ ಮನೆಗಳು ಹತ್ತಾರು ಇದ್ದುವು. ಹಳದಿ ಬಿಯರಿನ ಎದುರಿನಲ್ಲಿ ಒಂದೊಂದಾಗಿ ಮುಚ್ಚಿ, ಕೊನೆಯದು 1957ರಲ್ಲಿ ನಿಂತುಹೋಯಿತು. ಆ ಕೊನೆಯ ಮನೆಯ ನೆರೆಯಲ್ಲಿ ಬೆಳೆದು, ಹುಡುಗತನದಲ್ಲಿ ಅಲ್ಲಿ ಕೈನೆರವು ಮಾಡಿದ್ದ ಪಿಯೆರ್ ಸೆಲಿಸ್ ಎಂಬವನು ಆಗ ಹಾಲು ಮಾರಿಕೊಂಡಿದ್ದನು. ಆ ರುಚಿಯು ಊರಿನಿಂದ ಅಳಿದುಹೋಗುವುದನ್ನು ಸಹಿಸದೆ ಅವನು 1966ರಲ್ಲಿ ತಾನೇ ಒಲೆ ಹೂಡಿದನು. ಒಬ್ಬನ ಹಟದಿಂದ ಒಂದು ಊರಿನ ರುಚಿಯು ಉಳಿಯಿತು. 1985ರಲ್ಲಿ ಅವನ ಕಾರ್ಖಾನೆಗೆ ಬೆಂಕಿ ಬಿದ್ದಿತು. ಬಳಿಕ ಅದು ದೊಡ್ಡ ಸಂಸ್ಥೆಯೊಂದರ ಪಾಲಾಯಿತು. ಅರವತ್ತೇಳು ವಯಸ್ಸಿನಲ್ಲಿ, 1992ರಲ್ಲಿ, ಅವನು ಅಮೆರಿಕದ ಟೆಕ್ಸಸ್ಸಿಗೆ ಹೋಗಿ ಆಸ್ಟಿನ್ ನಗರದಲ್ಲಿ ಮತ್ತೆ ಅದೇ ಬಿಳಿಯ ಬಿಯರನ್ನು ಕಾಯಿಸಿದನು. ಅವನು ತೀರಿಕೊಂಡದ್ದು 2011ರಲ್ಲಿ. ಪರದೇಶಕ್ಕೆ ಹೋಗುವವರಲ್ಲಿ ಮನೆಯ ರುಚಿಯನ್ನು ಬೇಡುವವರು ಬಹಳ. ಅದನ್ನು ಕೈಯಲ್ಲಿ ಕಲಿತುಕೊಂಡು ಹೋಗಿ ಅಲ್ಲಿಯವರಿಗೆ ಬಡಿಸುವವರು ವಿರಳ.

ಇನ್ನೊಂದು ಸಲ ಅವನು ಪೋಪರಿಂಗ್ ಎಂಬ ಹಾಪ್ಸ್ ಬೆಳೆಯುವ ಸೀಮೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬೈಸಿಕಲ್ಲಿನಲ್ಲಿ ವೆಸ್ಟ್‌ವ್ಲೆಟರೆನ್ ಮಠವನ್ನು ಸೇರಿದನು. ಟ್ರಾಪಿಸ್ಟ್ ಎಂಬ ಪಂಥದ ಸಂನ್ಯಾಸಿಗಳು ಅಲ್ಲಿ ಬಿಯರನ್ನು ಮಾಡುತ್ತಾರೆ. ಮಠದ ಗೋಡೆಯ ಒಳಗೇ ಮಾಡಬೇಕು, ಸಂನ್ಯಾಸಿಗಳ ಮೇಲ್ವಿಚಾರಣೆಯಲ್ಲಿ ಮಾಡಬೇಕು, ಬಂದ ಹಣವು ಮಠದ ಜೀವನಕ್ಕೂ ದಾನಕ್ಕೂ ಸಲ್ಲಬೇಕು. ಈ ಮೂರು ನಿಯಮಗಳಿಗೆ ಒಳಪಟ್ಟ ಮಠಗಳು ಬೆಲ್ಜಿಯಮ್ಮಿನಲ್ಲಿ ಈಗ ಐದು. ಆಗ ಆ ಮಠದ ಬಿಯರು ಬೇಕಾದವರು ಮೊದಲೇ ದೂರವಾಣಿಯಲ್ಲಿ ಹೇಳಿ, ತಮ್ಮ ಮೋಟಾರಿನ ಸಂಖ್ಯೆಯನ್ನು ಬರಸಿ, ಗೊತ್ತಾದ ದಿನ ಬಂದು ಒಯ್ಯಬೇಕಾಗಿದ್ದಿತು. ಬೈಸಿಕಲ್ಲಿನವನಿಗೆ ಎದುರಿನ ಛತ್ರದಲ್ಲಿ ಒಂದು ಲೋಟ ಮಾತ್ರ ದೊರೆಯಿತು. ಬೇಡಿಕೆ ಹೆಚ್ಚಿತೆಂದು ಅವರು ತಯಾರಿಕೆಯನ್ನು ಹೆಚ್ಚಿಸಹೋಗಲಿಲ್ಲ. ಸಾಕು ಎಂಬ ಮಾತನ್ನು ಕುಡಿಯುವವನಿಗೆ ಮೊದಲು ಮಾಡುವವನೇ ಹೇಳಿದ ಹಾಗಿದ್ದಿತು. ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡನು. ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ.

ಏಕೆಂದರೆ ವೈವಿಧ್ಯವೆಂಬುದು ಒಳ್ಳೆಯ ಗುರುವೂ ಹೌದು, ಒಳ್ಳೆಯ ನೆಪವೂ ಹೌದು. ಮೊದಲ ವರ್ಷ ಶನಿವಾರಕ್ಕೊಂದು ಸೀಸೆ. ಎರಡನೆಯ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲೆ ಕವಿಯುತ್ತಿದ್ದಿತು, ಪ್ರಯೋಗಶಾಲೆಯ ಕೆಲಸವು ಕೈಗೂಡುತ್ತಿರಲಿಲ್ಲ, ಕೋಣೆಯಲ್ಲಿ ಮಾತನಾಡುವವರಿರಲಿಲ್ಲ. ಶನಿವಾರವು ಬುಧವಾರಕ್ಕೂ ಬಂದಿತು. ಮೂರನೆಯ ಚಳಿಗಾಲದ ಹೊತ್ತಿಗೆ ವಾರವೆಲ್ಲ ಶನಿವಾರವಾಗಿದ್ದಿತು. ಅಲ್ಲಿಯ ಕೆಲವು ಬಿಯರುಗಳ ಮದ್ಯಾಂಶವು ನೂರಕ್ಕೆ ಎಂಟು, ಹತ್ತು. ಬೆಂಗಳೂರಿನ ಸಾಮಾನ್ಯ ಹಳದಿಯದರ ಇಮ್ಮಡಿ. ಆದರೂ ತಾನು ಕುಡಿಯುತ್ತಿಲ್ಲ, ಅಭ್ಯಾಸ ಮಾಡುತ್ತಿದ್ದೇನೆ ಎಂದು ಅವನು ತಿಳಿದಿದ್ದನು. ಪುಸ್ತಕವು ಸಾಕ್ಷಿಯಾಗಿದ್ದಿತಲ್ಲವೇ?

2012ರ ಏಪ್ರಿಲಿನಲ್ಲಿ ತಂದೆಯವರು ಮಗನನ್ನು ನೋಡಲು ಬಂದರು. ಬರುವ ಹಿಂದಿನ ದಿನ ಅವನು ಸೀಸೆಗಳನ್ನೂ ಲೋಟಗಳನ್ನೂ ಮನೆಯೊಡತಿಯ ನೆಲಮಾಳಿಗೆಗೆ ಸಾಗಿಸಿದನು. ಆ ದೇಶದಲ್ಲಿ ಒಂದೊಂದು ಬಿಯರಿಗೆ ಒಂದೊಂದು ಆಕಾರದ ಲೋಟವಾದ್ದರಿಂದ ಅವನ ಬಳಿ ಹದಿನೆಂಟು ಲೋಟಗಳು ಕೂಡಿದ್ದುವು. ಅವುಗಳನ್ನು ಕಾಗದದಲ್ಲಿ ಸುತ್ತುವಾಗ, ಚಿಕ್ಕಪ್ಪನು ಹುಲ್ಲಿನ ಮೆದೆಯಲ್ಲಿ ಸೀಸೆಯನ್ನು ಅಡಗಿಸುತ್ತಿದ್ದದ್ದು ಅವನಿಗೆ ನೆನಪಾಯಿತು. ಆಗ ಅವನು ಆರು ವರ್ಷದ ಹುಡುಗ. ಅಡಗಿಸಿದ್ದನ್ನು ಕಂಡು ತಂದೆಗೆ ತಿಳಿಸಿದವನು ಅವನೇ.

ಒಂದು ಭಾನುವಾರ ಮನೆಯೊಡತಿಯು ಇಬ್ಬರನ್ನೂ ಊಟಕ್ಕೆ ಕರೆದಳು. ಅದು ಬಿಳಿಯ ಶತಾವರಿಯ ಮೊಳಕೆಗಳು ಬರುವ ಕಾಲ. ತಂದೆಯವರು ಸಸ್ಯಾಹಾರಿಗಳೆಂದು ತಿಳಿದು ಅವುಗಳನ್ನೂ ಆಲೂಗೆಡ್ಡೆಯನ್ನೂ ಬೇಯಿಸಿದ್ದಳು. ತನ್ನ ತಂದೆಯ ಕಾಲದ ಪದ್ಧತಿಯಂತೆ ಭಾನುವಾರದ ಹುಳಿ ಬಿಯರಿನ ಒಂದು ಸೀಸೆಯನ್ನು ಮೇಜಿನ ಮೇಲಿಟ್ಟು, “ನಿಮ್ಮ ಮಗ ಮೊದಲು ಇದನ್ನು ಚೆಲ್ಲಿದರು, ಈಗ ನನಗಿಂತ ಚೆನ್ನಾಗಿ ಬಲ್ಲರು. ನೆಲಮಾಳಿಗೆಯಲ್ಲಿ ಅವರದೇ ಮೂವತ್ತು ಸೀಸೆಗಳಿವೆ” ಎಂದು ಹೆಮ್ಮೆಯಿಂದ ಹೇಳಿದಳು.

ಮಗನು ತಲೆ ತಗ್ಗಿಸಿದನು. ತಂದೆಯವರು ಮುಖದಲ್ಲಿ ಏನನ್ನೂ ತೋರಗೊಡದೆ, ತಮಗೆ ನೀರು ಸಾಕೆಂದು ಹೇಳಿ, ಸ್ವಲ್ಪ ಹೊತ್ತಿನ ಮೇಲೆ, “ನಮ್ಮ ಮನೆಯಲ್ಲಿ ಇದನ್ನು ಮುಟ್ಟುವುದಿಲ್ಲ, ಅಮ್ಮ. ನನ್ನ ತಮ್ಮ ಕುಡಿದು ಸತ್ತ” ಎಂದರು.

ಆಕೆಯು ಸೀಸೆಯನ್ನು ತೆರೆಯಲಿಲ್ಲ. “ನನ್ನ ಅಜ್ಜನೂ ಹಾಗೆಯೇ” ಎಂದಳು. ಅವನು ಕೂಲಿಗಾರ, ಕುಡಿದದ್ದು ಧಾನ್ಯದಿಂದ ಭಟ್ಟಿಯಿಳಿಸಿದ ಜೆನೆವರ್ ಎಂಬ ಉಗ್ರವಾದ ಮದ್ಯ. ಆ ಕಾಲಕ್ಕೆ ಬೆಲ್ಜಿಯಮ್ಮಿನ ಕೂಲಿಗಾರರ ಮನೆಗಳನ್ನು ಅದು ಹಾಳುಮಾಡುತ್ತಿದ್ದಿತು. ಎಮಿಲ್ ವಾಂಡರ್‌ವೆಲ್ಡೆ ಎಂಬ ಸಮಾಜವಾದಿ ಮಂತ್ರಿಯು 1919ರಲ್ಲಿ ತಂದ ಕಾನೂನಿನಿಂದ ಪಾನಗೃಹಗಳಲ್ಲಿ ಭಟ್ಟಿಯ ಮದ್ಯವನ್ನು ಬಡಿಸುವುದು ನಿಂತಿತು. ಅಂಗಡಿಯಲ್ಲಿ ಕೊಳ್ಳುವುದಾದರೆ ಒಮ್ಮೆಗೆ ಎರಡು ಲೀಟರಾದರೂ ಕೊಳ್ಳಬೇಕು, ಅಷ್ಟು ಹಣವು ದಿನಗೂಲಿಯವನ ಕೈಯಲ್ಲಿ ಇರುತ್ತಿರಲಿಲ್ಲ. ಆ ಕಾನೂನು 1983ರವರೆಗೆ ನಡೆಯಿತು. ಆಗ ಬಿಯರು ಮಾಡುವವರು ಜನಕ್ಕೆ ಒಗ್ಗುವಂತೆ ತಮ್ಮ ಪಾನೀಯವನ್ನು ಇನ್ನಷ್ಟು ಗಡುಸು ಮಾಡಿದರು. ಈಗ ಲೋಕವು ಮೆಚ್ಚುವ ಗಡುಸಾದ ಬಿಯರುಗಳ ಹಿಂದೆ ಆ ಕಣ್ಣೀರೂ ಇದೆ ಎಂದು ಆಕೆಯು ಹೇಳಿದಳು. ತಂದೆಯವರು ನಮ್ಮ ಕಡೆಯ 2007ರ ನಿಷೇಧದ ವಿಚಾರವನ್ನು ಹೇಳಿದರು. ಆ ಇಬ್ಬರು ಮುದುಕರು, ಒಬ್ಬರು ತಮ್ಮನ ಸಾವನ್ನೂ ಒಬ್ಬರು ಅಜ್ಜನ ಸಾವನ್ನೂ ಕುರಿತು ಬಹಳ ಹೊತ್ತು ಮಾತನಾಡಿದರು. ಮಗನು ಪಾತ್ರೆಗಳನ್ನು ತೊಳೆದನು.

ಅದಾದ ಮೇಲೆ ತಂದೆಯವರೇ, ಆ ಹುಳಿಯನ್ನು ಹೇಗೆ ಬರಿಸುತ್ತಾರೋ ನೋಡಬೇಕು ಎಂದರು. ಬ್ರಸೆಲ್ಸಿನ ಆಂಡರ್‌ಲೆಕ್ಟಿನಲ್ಲಿ 1900ರಲ್ಲಿ ಆರಂಭವಾದ ಕಾಂಟಿಯೋನ್ ಎಂಬ ಮನೆಯಿದೆ. ಅದು ಕಾರ್ಖಾನೆಯೂ ಹೌದು, ವಸ್ತುಸಂಗ್ರಹಾಲಯವೂ ಹೌದು. ಜವೆಗೋಧಿಯ ಮೊಳಕೆಗೆ ಮೂರರಲ್ಲೊಂದು ಪಾಲು ಹಸಿಯ ಗೋಧಿಯನ್ನು ಕೂಡಿಸಿ, ಹಳೆಯ ಹಾಪ್ಸ್ ಹೂವಿನೊಡನೆ ಕುದಿಸಿ, ಆ ಗಂಜಿಯ ತಿಳಿಯನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯೆಲ್ಲ ಆರಬಿಡುವರು. ಯೀಸ್ಟನ್ನು ಬೆರಸುವುದಿಲ್ಲ, ಗಾಳಿಯಲ್ಲಿಯೂ ಹಳೆಯ ಮರದಲ್ಲಿಯೂ ಇರುವುದೇ ಬಂದು ಸೇರಬೇಕು. ಬೇಸಗೆಯ ಗಾಳಿಯಲ್ಲಿ ಕೆಡಿಸುವ ಕ್ರಿಮಿಗಳು ಹೆಚ್ಚಾದ್ದರಿಂದ ಚಳಿಯ ತಿಂಗಳುಗಳಲ್ಲಿ ಮಾತ್ರ ಕಾಯಿಸುವರು. ಅಲ್ಲಿಯ ಜೇಡರ ಬಲೆಯನ್ನೂ ಗುಡಿಸುವುದಿಲ್ಲ. ನೊಣಗಳನ್ನು ಅದು ಹಿಡಿಯುತ್ತದೆ. ಬಳಿಕ ಪೀಪಾಯಿಗಳಲ್ಲಿ ಒಂದರಿಂದ ಮೂರು ವರ್ಷ; ಕೊನೆಗೆ ಎಳೆಯದನ್ನೂ ಹಳೆಯದನ್ನೂ ಬೆರಸಿ ಸೀಸೆಗೆ ತುಂಬುವರು.

ತಂದೆಯವರು ಪೀಪಾಯಿಗಳ ನಡುವೆ ನಿಂತು ಮೂಸಿ ನೋಡಿ, “ನಿಮ್ಮಮ್ಮನ ದೋಸೆ ಹಿಟ್ಟಿನ ಲೆಕ್ಕವೇ ಇದು. ಅಲ್ಲಿಯೂ ಹೆಪ್ಪು ಹಾಕುವವರಿಲ್ಲ, ಹುಳಿಯ ಆಮ್ಲವೂ ಅದೇ ಲ್ಯಾಕ್ಟಿಕ್ ಆಮ್ಲ” ಎಂದರು. ಲೂವೆನ್ನಿನ ಚಳಿಯಲ್ಲಿ ಹಿಟ್ಟು ಹುದುಗದೆ, ಪಾತ್ರೆಯನ್ನು ಬಿಸಿನೀರಿನ ಕೊಳವೆಯ ಪಕ್ಕದಲ್ಲಿಟ್ಟು ಕಂಬಳಿ ಹೊದಿಸಿ ತಾನು ಕಾದದ್ದನ್ನು ಮಗನು ಹೇಳಿದನು. ಆ ತಿಂಗಳಲ್ಲಿ ಇಬ್ಬರೂ ಮೊದಲು ನಕ್ಕದ್ದು ಅಲ್ಲಿ. ನೋಡಲು ಬಂದವರಿಗೆಲ್ಲ ಕೊಡುವ ಲೋಟವನ್ನು ತಂದೆಯವರು ಮುಟ್ಟಲಿಲ್ಲ. ಮಗನು ಮುಟ್ಟಬಾರದೆಂದೂ ಹೇಳಲಿಲ್ಲ.

ಅಂದಿನ ರಾತ್ರಿ ಅವರು ಟಿಪ್ಪಣಿ ಪುಸ್ತಕವನ್ನು ಕೇಳಿ ತೆಗೆದುಕೊಂಡು, ಮೂವತ್ತನಾಲ್ಕು ವರ್ಷ ಮಕ್ಕಳ ಪುಸ್ತಕಗಳನ್ನು ತಿದ್ದಿದವರು ಓದುವ ರೀತಿಯಲ್ಲಿ, ಮೊದಲಿನಿಂದ ಕೊನೆಯವರೆಗೆ ಓದಿದರು. ಬೆಳಿಗ್ಗೆ ಹಿಂದಿರುಗಿಸುತ್ತ ಹೇಳಿದರು:

“ಚೆನ್ನಾಗಿ ಬರೆದಿದ್ದೀಯೆ, ಮಗು. ಮೊದಲ ಹಾಳೆಗಳಲ್ಲಿ ಊರಿದೆ, ವಾಸನೆಯಿದೆ, ಮಾಡಿದವನ ಹೆಸರಿದೆ. ಕೊತ್ತಂಬರಿಯ ವಿಚಾರ ಓದಿದಾಗ ನಿಮ್ಮಮ್ಮನಿಗೆ ಓದಿ ಹೇಳಬೇಕೆನ್ನಿಸಿತು. ಕೊನೆಯ ಇಪ್ಪತ್ತು ಹಾಳೆಗಳಲ್ಲಿ ಹೆಸರು ಮಾತ್ರ ಇದೆ, ಪಕ್ಕದಲ್ಲಿ ಮದ್ಯಾಂಶದ ಅಂಕಿ ಇದೆ. ಅಲ್ಲಿ ರುಚಿ ನೋಡಿದವನು ಯಾರೂ ಇಲ್ಲ.” ಸ್ವಲ್ಪ ತಡೆದು, “ನಿನ್ನ ಚಿಕ್ಕಪ್ಪ ತಾನು ಕುಡಿಯುವುದು ಏನು ಎಂದು ಒಂದು ದಿನವೂ ಕೇಳಲಿಲ್ಲ” ಎಂದರು.

ಅವರು ಆಣೆ ಮಾಡಿಸಲಿಲ್ಲ. ಜೂನಿನಲ್ಲಿ ಊರಿಗೆ ಹೊರಟರು. ಮಗನು ನೆಲಮಾಳಿಗೆಯ ಸೀಸೆಗಳಲ್ಲಿ ಆರನ್ನು ಉಳಿಸಿಕೊಂಡು ಮಿಕ್ಕವನ್ನು ಸಹೋದ್ಯೋಗಿಗಳಿಗೆ ಹಂಚಿದನು. ಒಂದು ಪುಟ ತುಂಬ ಬರೆಯುವಷ್ಟು ಸಾವಧಾನವಿಲ್ಲದ ದಿನ ಸೀಸೆಯನ್ನು ತೆರೆಯಕೂಡದೆಂದು ತನಗೆ ತಾನೇ ಒಂದು ಕಟ್ಟಳೆಯನ್ನು ಹಾಕಿಕೊಂಡನು. ಮೊದಲ ತಿಂಗಳು ಅದು ಕಷ್ಟವಾಯಿತು, ಎರಡು ಸಲ ತಪ್ಪಿದನು, ತಪ್ಪಿದ್ದನ್ನೂ ಬರೆದಿಟ್ಟನು.

ಮುಂದೆ 2016ರಲ್ಲಿ ಯುನೆಸ್ಕೋ ಸಂಸ್ಥೆಯು ಬೆಲ್ಜಿಯಮ್ಮಿನ ಬಿಯರಿನ ಸಂಸ್ಕೃತಿಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು. ಬೆಂಗಳೂರಿನಲ್ಲಿಯೂ ಈಗ ಅಲ್ಲಲ್ಲಿಯೇ ಕಾಯಿಸಿ ಬಡಿಸುವ ಮನೆಗಳು ಅನೇಕವಾಗಿವೆ, ಬಗೆಗಳಿಗೆ ಕೊರತೆಯಿಲ್ಲ. ಬಗೆಗಳು ಹೆಚ್ಚಿದ ಮಾತ್ರಕ್ಕೆ ರುಚಿಯು ಹೆಚ್ಚುವುದಿಲ್ಲ. ಇದು ಯಾವ ಊರಿನದು, ಯಾರು ಮಾಡಿದರು ಎಂದು ಕೇಳುವ ಮನಸ್ಸಿರುವವರೆಗೆ ಮಾತ್ರ ರುಚಿ ಇರುತ್ತದೆ. ಆ ಪ್ರಶ್ನೆಯು ನಿಂತ ದಿನ ಅತ್ಯುತ್ತಮವಾದ ಮಠದ ಬಿಯರಿಗೂ ಹುಲ್ಲಿನ ಮೆದೆಯ ಸೀಸೆಗೂ ಭೇದವಿಲ್ಲ.

ಮೊದಲ ಪುಸ್ತಕವು ಮೂರು ಚಳಿಗಾಲಗಳಲ್ಲಿ ತುಂಬಿಹೋಗಿದ್ದಿತು. ಎರಡನೆಯದನ್ನು 2012ರಲ್ಲಿ ಕೊಂಡನು. ಅದರಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಬರಿದಾಗಿವೆ.